ಬಂದಳಿಕೆಯಲ್ಲಿ ಆಕಾಶ ಸುಮ್ಮನಾದ ದಿನ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯನ್ನು ನಾವು ಆರಿಸಿಕೊಂಡದ್ದು ಅಲ್ಲಿ ಏನೇನು ಇಲ್ಲ ಎಂಬುದನ್ನು ನೋಡಿ. ವಿದ್ಯುತ್ ತಂತಿ ಇರಲಿಲ್ಲ, ಗಿರಣಿ ಇರಲಿಲ್ಲ, ಮೋಟಾರು ಗಾಡಿಗಳ ಓಡಾಟ ಇರಲಿಲ್ಲ. ಹಳೆಯ ಗುಡಿಗಳ ಕಲ್ಲು, ಶಾಸನ, ಕೆಲವು ರೈತರ ಮನೆ, ಆಚೆಗೆ ಹೊಲ, ಇಷ್ಟೇ. ಆಕಾಶದಿಂದ ಬರುವ ಕ್ಷೀಣ ರೇಡಿಯೊ ಸದ್ದನ್ನು ಹಿಡಿಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪಟ್ಟಣದಲ್ಲಿ ಪ್ರತಿಯೊಂದು ಯಂತ್ರವೂ ರೇಡಿಯೊ ಒಳಗೆ ಗರಗರ ಎನ್ನುತ್ತದೆ. ಆ ಗದ್ದಲದಲ್ಲಿ ಉಪಗ್ರಹದ ದನಿ ಸಂತೆಯ ನಡುವೆ ಆಡಿದ ಪಿಸುಮಾತಿನಂತೆ ಕಳೆದುಹೋಗುತ್ತದೆ.

ಅದು ಐವತ್ತೊಂಬತ್ತರ ಕೊನೆಯ ಭಾಗ. ಅಮೆರಿಕದವರು ಹಾರಿಬಿಟ್ಟಿದ್ದ ಒಂದು ಪುಟ್ಟ ಉಪಗ್ರಹ ದಿನಕ್ಕೆ ಹಲವು ಸಲ ಭೂಮಿಯನ್ನು ಸುತ್ತುತ್ತಿತ್ತು. ಎರಡು ಬುಟ್ಟಿಗಳನ್ನು ಬಾಯಿಗೆ ಬಾಯಿ ಹೊಂದಿಸಿ ಇಟ್ಟಂಥ ಆಕಾರ, ಒಂದು ಚೀಲ ಭತ್ತಕ್ಕಿಂತ ಕಡಿಮೆ ತೂಕ. ಅದರ ನಡುವಿನ ಪಟ್ಟಿಯಲ್ಲಿ ಸೂರ್ಯನ ಕ್ಷ-ಕಿರಣಗಳನ್ನು ಅಳೆಯುವ ಕಣ್ಣುಗಳಿದ್ದವು. ಆ ಕಿರಣಗಳು ನೆಲಕ್ಕೆ ಬರುವುದೇ ಇಲ್ಲ. ಮೇಲಿನ ಗಾಳಿ ಅವನ್ನು ನುಂಗಿಬಿಡುತ್ತದೆ. ಹಾಗಾಗಿ ಅವನ್ನು ನೋಡಬೇಕೆಂದರೆ ಗಾಳಿಯ ಆಚೆಗೆ ಕಣ್ಣು ಕಳಿಸಬೇಕು. ನಮ್ಮ ಪ್ರಯೋಗಾಲಯಕ್ಕೆ ಉಪಗ್ರಹ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಆದರೆ ಅದು ಇಪ್ಪತ್ತು ಮೆಗಾಸೈಕಲ್ಲಿನಲ್ಲಿ ಕಳಿಸುವ ಸಂಕೇತ ನಮ್ಮ ತಲೆಯ ಮೇಲೂ ಹಾದುಹೋಗುತ್ತಿತ್ತು. ಅದನ್ನು ಹಿಡಿದು, ಮೇಲಿನ ಗಾಳಿಯಲ್ಲಿ ಬರುವಾಗ ಅದು ಎಷ್ಟು ಸೊರಗಿದೆ ಎಂದು ಅಳೆದರೆ, ಸೂರ್ಯ ಆ ಗಾಳಿಗೆ ಏನು ಮಾಡುತ್ತಿದ್ದಾನೆ ಎಂಬುದು ಕೆಳಗಿನಿಂದಲೂ ತಿಳಿಯುತ್ತದೆ. ಮೇಲಿನ ಲೆಕ್ಕ ಅವರದು, ಕೆಳಗಿನ ಲೆಕ್ಕ ನಮ್ಮದು.

ನಾವು ಮೂವರಿದ್ದೆವು. ತಂಡದ ಮುಖ್ಯಸ್ಥರು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ನಾವೆಲ್ಲ ಅವರನ್ನು ‘ಡಾಕ್ಟರು’ ಎನ್ನುತ್ತಿದ್ದೆವು. ರೇಡಿಯೊ ಸೆಟ್ಟುಗಳನ್ನು ನೋಡಿಕೊಳ್ಳಲು ಸೈನ್ಯದ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾದ ಆಪರೇಟರೊಬ್ಬರಿದ್ದರು. ಶಿಕಾರಿಪುರದವರೇ; ಅವರ ಅಣ್ಣತಮ್ಮಂದಿರು ಅಲ್ಲಿನ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. ಮೂರನೆಯವನು ನಾನು, ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ್ದ ಸಹಾಯಕ.

ಬಿದಿರಿನ ಗಳಗಳನ್ನು ನೆಟ್ಟು ತಾಮ್ರದ ತಂತಿ ಎಳೆದೆವು. ಗುಡಾರದೊಳಗೆ ರಿಸೀವರ್, ಅದರ ಪಕ್ಕದಲ್ಲಿ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುವ ಲೇಖನಿ ಯಂತ್ರ, ಇನ್ನೊಂದು ಮೂಲೆಯಲ್ಲಿ, ಸರಿಯಾದ ಸಮಯವನ್ನು ರೇಡಿಯೊದಲ್ಲಿ ಸಾರುವ ದೂರದ ಕಾಲಸೂಚಿ ಕೇಂದ್ರದ ಟಿಕ್ ಟಿಕ್ ಹಿಡಿಯುವ ಎರಡನೆಯ ಸೆಟ್ಟು. ಎಲ್ಲಕ್ಕೂ ಲಾರಿ ಬ್ಯಾಟರಿಗಳೇ ಆಧಾರ. ಅವು ಸೋತಾಗ ಜೀಪನ್ನು ದೂರ ನಿಲ್ಲಿಸಿ, ಅದರ ಎಂಜಿನ್ ಓಡಿಸಿ ಚಾರ್ಜ್ ಮಾಡಿಕೊಳ್ಳುತ್ತಿದ್ದೆವು. ಉಪಗ್ರಹ ಬರುವ ಹೊತ್ತಿಗೆ ಜೀಪು ಬಂದ್ ಆಗಿರಬೇಕು. ಅದರ ಕಿಡಿಯೂ ನಮಗೆ ಗದ್ದಲವೇ.

ಉಪಗ್ರಹ ಇಲ್ಲದ ಹೊತ್ತಿನಲ್ಲೂ ರಿಸೀವರಿನಲ್ಲಿ ‘ಸುಯ್’ ಎನ್ನುವ ಸದ್ದು ಇರುತ್ತಿತ್ತು. ಅದು ಸೆಟ್ಟಿನ ದೋಷವಲ್ಲ. ನಕ್ಷತ್ರಗಳ ನಡುವಿನಿಂದ, ಆಕಾಶಗಂಗೆಯಿಂದ ಬರುವ ಸದ್ದು. ದಿನವಿಡೀ ಅದು ನಿಧಾನವಾಗಿ ಏರಿ ಇಳಿಯುತ್ತದೆ. ಡಾಕ್ಟರು ಅದನ್ನೂ ಗೆರೆಯಾಗಿ ಎಳೆಸುತ್ತಿದ್ದರು. “ಉಪಗ್ರಹ ಬರುತ್ತೆ ಹೋಗುತ್ತೆ. ಇದು ಯಾವಾಗಲೂ ಇರುತ್ತೆ. ಇದರ ಮೇಲೆ ಕಣ್ಣಿಡು” ಎಂದಿದ್ದರು.

ಮೊದಲ ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಲೇಖನಿ ಹುಚ್ಚೆದ್ದು ಕುಣಿಯತೊಡಗಿತು. ಕಿವಿಗೆ ಹಾಕಿಕೊಂಡರೆ ಪಟಪಟಪಟ ಸದ್ದು, ನಡುನಡುವೆ ನಿಂತು ಮತ್ತೆ ಶುರು. ಆಪರೇಟರು ಒಂದು ಸಣ್ಣ ಬ್ಯಾಟರಿ ಸೆಟ್ಟಿಗೆ ತಂತಿಯ ಬಳೆ ಕಟ್ಟಿಕೊಂಡು, ಅದನ್ನು ಅತ್ತಿತ್ತ ತಿರುಗಿಸುತ್ತ ಸದ್ದು ಹೆಚ್ಚಾಗುವ ದಿಕ್ಕಿಗೆ ಹೊರಟರು. ನಾನು ಹಿಂದೆ ಹೋದೆ. ಹೊಲದ ಏರಿ ದಾಟಿದರೆ ಬೆಲ್ಲದ ವಾಸನೆ. ಒಂದು ಆಲೆಮನೆ. ಗಾಣಕ್ಕೆ ಆ ವರ್ಷ ಎತ್ತಿನ ಬದಲು ಸೀಮೆಎಣ್ಣೆ ಎಂಜಿನ್ ಕೂರಿಸಿದ್ದರು. ಅದರ ಮ್ಯಾಗ್ನೆಟೊ ಹೊಡೆಯುವ ಪ್ರತಿಯೊಂದು ಕಿಡಿಯೂ ನಮ್ಮ ಕಾಗದದ ಮೇಲೆ ಬಂದು ಕೂರುತ್ತಿತ್ತು.

ಆಲೆಮನೆಯ ಯಜಮಾನರು ಆ ಊರಿನ ರೈತರು. ಎತ್ತರದ ಆಳು, ನಿಧಾನದ ಮಾತು. ನಾನು ವಿಷಯ ಹೇಳಿದಾಗ ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

“ಹಂಗಂದ್ರ, ನಮ್ಮ ಗಾಣ ತಿರುಗಿದ್ರ ನಿಮ್ಮ ಆಕಾಶ ಕೇಳಂಗಿಲ್ಲ ಅಂತೀರಿ?”

“ಹೌದು ಗೌಡ್ರೇ.”

“ಕಬ್ಬು ಕಡಿದು ಹಾಕೇನ್ರಿ. ಬಿಸಿಲಿಗೆ ಒಣಗ್ತದ. ಎಷ್ಟೊತ್ತು ನಿಲ್ಲಸ್ಲಿ?”

ಇಡೀ ದಿನ ನಿಲ್ಲಿಸಿ ಎನ್ನುವ ಹಕ್ಕು ನಮಗಿರಲಿಲ್ಲ. ಆಪರೇಟರು ಎಂಜಿನ್ ಸುತ್ತ ಒಂದು ಸುತ್ತು ಬಂದು, ಪ್ಲಗ್ಗಿನ ತಂತಿಗೆ ಒಂದು ರೆಸಿಸ್ಟರ್ ಸೇರಿಸಿ, ಅದರ ಮೇಲೆ ಹಳೆಯ ಕೇಬಲ್ಲಿನ ಲೋಹದ ಜಾಲರಿ ಸುತ್ತಿದರು. ಗದ್ದಲ ಅರ್ಧಕ್ಕರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಒಂದು ಒಪ್ಪಂದವಾಯಿತು. ಉಪಗ್ರಹ ಬರುವ ಮುಂಚೆ ನಾವು ಗಳದ ತುದಿಗೆ ಬಿಳಿ ಪಂಚೆ ಏರಿಸಬೇಕು. ಅದು ಕಂಡರೆ ಅವರು ಗಾಣ ನಿಲ್ಲಿಸುತ್ತಾರೆ. ಪಂಚೆ ಇಳಿದರೆ ಮತ್ತೆ ಶುರು. ಅಷ್ಟು ಹೊತ್ತು ತೊಟ್ಟಿಯಲ್ಲಿದ್ದ ಕಬ್ಬಿನ ಹಾಲಿನಿಂದ ಬೆಲ್ಲ ಕಾಯಿಸುವ ಕೊಪ್ಪರಿಗೆ ನಡೆಯುತ್ತಿತ್ತು. ಈ ಏರ್ಪಾಡಿಗೆ ಒಪ್ಪಿಸಿದವರು ಯಜಮಾನರ ಹೆಂಡತಿ. ಕೊಪ್ಪರಿಗೆಯ ಉಸ್ತುವಾರಿ ಅವರದೇ. ನೊರೆ ತೆಗೆಯುತ್ತಲೇ, “ಆಳುಗಳು ಆ ಹೊತ್ತಿಗೆ ಎಲಿ ಅಡಿಕಿ ಹಾಕ್ಕೊಳ್ತಾವ, ಹೆಂಗೂ ನಿಲ್ತದ” ಎಂದುಬಿಟ್ಟರು.

ಈ ಓಡಾಟದಲ್ಲಿ ನಮ್ಮ ಡಾಕ್ಟರ ಹೆಸರು ಊರಿಗೆಲ್ಲ ತಿಳಿಯಿತು, ತಪ್ಪಾಗಿ. ಆ ದಿನಗಳಲ್ಲಿ ಸೊರಬದ ಕಡೆ ಕ್ಯಾಸನೂರಿನ ಕಾಡಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ಭಯ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸೌದೆಗೆ ಹೋದವರು ಜ್ವರ ಹತ್ತಿ ಮಲಗುತ್ತಿದ್ದರು, ಕೆಲವರು ಏಳುತ್ತಿರಲಿಲ್ಲ. ಅದಕ್ಕೆ ಔಷಧ ಇಲ್ಲ ಎಂಬುದೂ ಎಲ್ಲರಿಗೂ ತಿಳಿದಿತ್ತು. ಹಾಗಾಗಿ ಜೀಪಿನಲ್ಲಿ ಪೆಟ್ಟಿಗೆಗಳ ಸಮೇತ ಬಂದ ‘ಡಾಕ್ಟರು’ ಕಾಯಿಲೆಗೆಂದೇ ಬಂದವರು ಎಂದು ಜನ ಅಂದುಕೊಂಡರು. ಒಂದಿಬ್ಬರು ಗುಡಾರದ ಮುಂದೆ ಬಂದು ನಾಲಿಗೆ ಚಾಚಿದ್ದೂ ಉಂಟು. ಡಾಕ್ಟರು ಕೈ ಮುಗಿದು, “ನಾನು ಸೂರ್ಯನ ಡಾಕ್ಟರು ಕಣಪ್ಪ, ಮನುಷ್ಯರದ್ದಲ್ಲ” ಎಂದು ಕಳಿಸುತ್ತಿದ್ದರು.

ಹೀಗಿರುವಾಗ ಪ್ರಯೋಗಾಲಯದಿಂದ ತಂತಿ ಸಂದೇಶ ಬಂತು. ವಾರದ ಕೊನೆಗೆ ಒಂದು ಮಧ್ಯಾಹ್ನ ಉಪಗ್ರಹ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಅದೇ ಹೊತ್ತಿಗೆ ದೇಶದ ಬೇರೆ ಕೇಂದ್ರಗಳೂ ಅಳತೆ ತೆಗೆದುಕೊಳ್ಳುತ್ತವೆ. ಬಂದಳಿಕೆಯ ದಾಖಲೆ ತಪ್ಪಬಾರದು, ಎಂದು. ಉಪಗ್ರಹ ಹೀಗೆ ಒಂದು ಸಲ ಹಾದುಹೋಗುವುದನ್ನು ನಾವು ‘ಹಾದಿ’ ಎನ್ನುತ್ತಿದ್ದೆವು; ಅದೊಂದೇ ಹಾದಿಗಾಗಿ ಎಷ್ಟೋ ದಿನದಿಂದ ಲೆಕ್ಕ ಹಾಕಿದ್ದರು.

ಅದರ ಹಿಂದಿನ ದಿನ ಬೆಳಿಗ್ಗೆ, ಇನ್ನೂ ಚಹಾ ಕುಡಿಯುತ್ತಿದ್ದೆವು, ಆಲೆಮನೆಯ ಯಜಮಾನರೂ ಅವರ ಹೆಂಡತಿಯೂ ಏರಿ ದಾಟಿ ಓಡಿಬರುವುದು ಕಾಣಿಸಿತು. ಆ ಮನುಷ್ಯ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರ ಮಗಳನ್ನು ಕ್ಯಾಸನೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಜಡೆ ಎಂಬ ಊರಿನಿಂದ ಬಂದ ನೆಂಟರೊಬ್ಬರು ಸುದ್ದಿ ತಂದಿದ್ದರು: ಮಗಳು ಜ್ವರದಿಂದ ಮಲಗಿದ್ದಾಳೆ, ಮೈ ಕೆಂಡವಾಗಿದೆ, ಏನೇನೋ ಬಡಬಡಿಸುತ್ತಾಳೆ. ಮಂಗನ ಕಾಯಿಲೆ ಇರಬಹುದು ಎಂಬ ಹೆದರಿಕೆಗೆ ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಸಾಗಿಸಲು ಅಕ್ಕಪಕ್ಕದವರು ಮುಂದೆ ಬರುತ್ತಿಲ್ಲ.

“ಡಾಕ್ಟ್ರೇ, ಕೈ ಮುಗೀತೀನಿ” ಎಂದರು ತಾಯಿ. “ನನ್ ಮಗಳನ್ನ ಬಂದು ನೋಡ್ರಿ.”

“ಅಮ್ಮಾ, ನಾನು ಆ ಡಾಕ್ಟರಲ್ಲ. ನನಗೆ ನಾಡಿ ಹಿಡಿಯೋಕೂ ಬರೋದಿಲ್ಲ.”

“ನಾಡಿ ಹಿಡಿಯಾಕ ಬರದಿದ್ರ ಬ್ಯಾಡ ಬಿಡ್ರಿ. ಜೀಪ್ ಹೊಡಿಯಾಕ ಬರ್ತದಲ್ಲ?”

ಡಾಕ್ಟರು ಲೋಟ ಕೆಳಗಿಟ್ಟರು. ನನ್ನ ಕಡೆ ನೋಡಿದರು. ಅವರ ತಲೆಯಲ್ಲಿ ಏನು ನಡೆದಿದೆ ಎಂದು ನನಗೆ ಗೊತ್ತಿತ್ತು. ಜೀಪು ಹೋದರೆ ಬ್ಯಾಟರಿ ಚಾರ್ಜ್ ಇಲ್ಲ. ಆಲೆಮನೆ ಎಂಜಿನ್ನಿಗೆ ಡೈನಮೋ ಇರಲಿಲ್ಲ. ಚಾರ್ಜ್ ಮಾಡುವ ಅಂಗಡಿ ಇದ್ದದ್ದು ಶಿಕಾರಿಪುರದಲ್ಲಿ. ಎತ್ತಿನ ಗಾಡಿಯಲ್ಲಿ ಒಯ್ದು ತರುವಷ್ಟರಲ್ಲಿ ನಾಳಿನ ಮಧ್ಯಾಹ್ನ ಕಳೆದುಹೋಗಿರುತ್ತದೆ.

“ಒಂದು ಜೊತೆ ಬ್ಯಾಟರಿಯಲ್ಲಿ ಎಷ್ಟು ಹೊತ್ತು ನಡೆಸಬಹುದು?” ಎಂದು ಆಪರೇಟರನ್ನು ಕೇಳಿದರು.

“ಉಪಗ್ರಹ ಬಂದಾಗ ಮಾತ್ರ ಹಚ್ಚಿ, ಹೋದ ಕೂಡ್ಲೇ ಆರಿಸಿದ್ರೆ ನಾಳೆ ಮಧ್ಯಾಹ್ನಕ್ಕೂ ಸಾಕಾಗ್ತದೆ ಸರ್. ದಿನಪೂರ್ತಿ ಹಚ್ಚಿಟ್ರೆ ಆಗಲ್ಲ.”

“ಹಾಗಾದರೆ ಹಾಗೇ ಮಾಡಿ. ಮಧ್ಯೆ ಒಂದು ನಿಮಿಷವೂ ಹಚ್ಚಬೇಡಿ.” ಆಮೇಲೆ ನನಗೆ, “ನಾಳಿನದು ನಿನ್ನ ಕೈಯಲ್ಲಿದೆ” ಎಂದಷ್ಟೇ ಹೇಳಿ ಜೀಪು ಹತ್ತಿದರು. ಯಜಮಾನರು ಪಕ್ಕದಲ್ಲಿ ಕೂತರು. ಕೊಪ್ಪರಿಗೆಯಲ್ಲಿ ಪಾಕ ಏರುತ್ತಿತ್ತು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು, ತಾಯಿ ಉಳಿದರು. ಜೀಪಿನ ಧೂಳು ಕರಗುವವರೆಗೂ ಅವರು ಅಲ್ಲೇ ನಿಂತಿದ್ದರು.

ಜೀಪು ಮರೆಯಾದ ಮೇಲಷ್ಟೇ ನನಗೆ ಅಪಾಯದ ಅರಿವಾಯಿತು. ಕಾಡಂಚಿನ ಹಳ್ಳಿಗೆ ಹೋಗುತ್ತಿರುವವರು ನಮ್ಮ ಮುಖ್ಯಸ್ಥರು. ಕಾಡಿನಲ್ಲಿ ಕಾಲಿಗೆ ಹತ್ತಿ ಕಚ್ಚುವ ಉಣ್ಣೆ ಹುಳದಿಂದ ಕಾಯಿಲೆ ಬರುತ್ತದೆ ಎಂಬ ಮಾತು ಆಗ ಹರಡಿತ್ತು. ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಸೇರಿಸಿಕೊಳ್ಳಿ ಎಂದು ಹೇಳಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಅಂದು ಮಧ್ಯಾಹ್ನಕ್ಕೆ ಮುಂಚೆ ಒಂದು ಹಾದಿ ಇತ್ತು. ಪಂಚೆ ಏರಿಸಿದೆ, ಗಾಣ ನಿಂತಿತು. ಸೆಟ್ಟಿನೊಳಗಿನ ಗಾಜಿನ ವಾಲ್ವುಗಳು ಬಿಸಿಯಾಗಲು ಬಿಟ್ಟು, ಅಳತೆ ಸರಿ ಇದೆಯೇ ನೋಡಿ, ಲೇಖನಿ ಇಳಿಸಿದೆವು. ಉಪಗ್ರಹ ಸಮಯಕ್ಕೆ ಸರಿಯಾಗಿ ಬಂತು. ಮೊದಲು ಸುಯ್ ಎನ್ನುವ ಸದ್ದಿನೊಳಗೆ ಎಳೆಯಂತೆ ಒಂದು ಸ್ವರ, ಅದು ಬಲಿಯುತ್ತ ಬಲಿಯುತ್ತ ಸ್ಪಷ್ಟವಾಯಿತು. ಲೇಖನಿ ಏರಿತು. ಉಪಗ್ರಹ ಇನ್ನೇನು ಅತಿ ಹತ್ತಿರ ಬರಬೇಕು, ಸದ್ದು ಇನ್ನೂ ಹೆಚ್ಚಬೇಕು, ಆಗ ಅದು ಸೊರಗತೊಡಗಿತು.

ಬರೀ ಉಪಗ್ರಹವಲ್ಲ. ಹಿಂದಿನ ಸುಯ್ ಸದ್ದೂ ಬತ್ತುತ್ತಿತ್ತು. ಬಾವಿಯೊಳಗೆ ಯಾರೋ ಕೊಡ ಇಳಿಬಿಟ್ಟಂತೆ ಲೇಖನಿ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯಿತು. ಮೂಲೆಯ ಸೆಟ್ಟಿನಲ್ಲಿ ಬರುತ್ತಿದ್ದ ಕಾಲಸೂಚಿಯ ಟಿಕ್ ಟಿಕ್ಕೂ ನಿಂತಿತು. ಗುಡಾರದಲ್ಲಿ ಕಾಗದದ ಸುರುಳಿ ಸರಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

“ಬ್ಯಾಟರಿ ಹೋತು” ಎಂದರು ಆಪರೇಟರು. ಅವರು ಹಾಗೆಂದದ್ದು ಸಹಜವೇ. ಎರಡು ಸೆಟ್ಟೂ ಒಂದೇ ಬ್ಯಾಟರಿಯಿಂದ ನಡೆಯುತ್ತಿದ್ದವು. ಎರಡೂ ಒಟ್ಟಿಗೆ ಸತ್ತರೆ ಬ್ಯಾಟರಿಯ ಮೇಲೆಯೇ ಮೊದಲ ಅನುಮಾನ. ಅವರು ವೋಲ್ಟ್ ಮೀಟರ್ ಹಿಡಿದರು. ಮುಳ್ಳು ಇರಬೇಕಾದ ಕಡೆಯೇ ಇತ್ತು.

“ಹಾಗಾದ್ರೆ ವಾಲ್ವು. ಸೆಟ್ ಆರಿಸ್ರಿ, ಬದಲಾಯಿಸ್ತೀನಿ. ನಾಳೆ ಕೆಲಸ ಕೆಡಬಾರದು.”

ವಾಲ್ವು ಬದಲಾಯಿಸಿದರೆ ಅಳತೆಯ ಗುರುತು ಬದಲಾಗುತ್ತದೆ; ಹಿಂದಿನ ಗೆರೆಗೂ ಮುಂದಿನ ಗೆರೆಗೂ ಹೋಲಿಕೆ ಉಳಿಯುವುದಿಲ್ಲ. ಆದರೂ ಸೆಟ್ಟೇ ಕೆಟ್ಟಿದ್ದರೆ ಬೇರೆ ದಾರಿಯಿಲ್ಲ. ಅವರ ಕೈ ಆಗಲೇ ಹಿಂಬದಿಯ ತಿರುಪಿನ ಮೇಲಿತ್ತು.

“ಒಂದು ನಿಮಿಷ ತಡೀರಿ” ಎಂದೆ. “ಮೊದಲು ಅಳತೆಯ ಸದ್ದು ಕೊಟ್ಟು ನೋಡೋಣ.”

ಆಂಟೆನಾ ಕಳಚಿ, ಅದರ ಜಾಗಕ್ಕೆ ಗೊತ್ತಾದಷ್ಟು ಸದ್ದನ್ನು ತಾನೇ ಹುಟ್ಟಿಸುವ ಒಂದು ಸಣ್ಣ ಪೆಟ್ಟಿಗೆಯನ್ನು ಜೋಡಿಸಬಹುದಿತ್ತು. ಜೋಡಿಸಿದೆವು. ಲೇಖನಿ ಚಂಗನೆ ಎದ್ದು ತನ್ನ ಗುರುತಿನ ಮೇಲೆ ನಿಂತಿತು. ಸೆಟ್ಟು ಆರೋಗ್ಯವಾಗಿತ್ತು. ಹಾಗಾದರೆ ಆಂಟೆನಾ? ಆಪರೇಟರು ಹೊರಗೆ ಓಡಿದರು. ಕಂಬದಿಂದ ಕಂಬಕ್ಕೆ ಹೋಗಿ ತಂತಿ, ಬೆಸುಗೆ, ಪಿಂಗಾಣಿ ಬಿಲ್ಲೆ ಎಲ್ಲ ಮುಟ್ಟಿ ನೋಡಿ ಬಂದರು.

“ತಂತಿ ಎಲ್ಲ ಗಟ್ಟಿ ಅದಾವ್ರಿ. ಅಲ್ಲದೆ ಆ ಟೈಮ್ ಸೆಟ್ಟಿನ ಆಂಟೆನಾನೇ ಬೇರೆ.” ಆಮೇಲೆ ತಾವೇ ಹೇಳಿದರು, “ಎರಡು ಆಂಟೆನಾ ಒಂದೇ ಸಲ ಕೆಡಂಗಿಲ್ಲ.”

ಇಬ್ಬರೂ ಗುಡಾರದ ಬಾಯಿಗೆ ಬಂದು ಮೇಲೆ ನೋಡಿದೆವು. ನೋಡಿದರೆ ಏನು ಕಾಣುತ್ತದೆ? ತಿಳಿ ನೀಲಿ ಆಕಾಶ, ಎಂದಿನ ಬಿಸಿಲು, ಗುಡಿಯ ಗೋಡೆಯ ಮೇಲೆ ಗಿಳಿಗಳ ಗಲಾಟೆ. ಆದರೆ ಸೂರ್ಯನ ಮೈಮೇಲೆ ಎಲ್ಲೋ ಒಂದು ಕಡೆ ಭಾರಿ ಸ್ಫೋಟ ಆಗಿರಬೇಕು. ಅಲ್ಲಿಂದ ಹೊರಟ ಕ್ಷ-ಕಿರಣ ಮೇಲಿನ ಗಾಳಿಗೆ ಬಡಿದು, ಆ ಗಾಳಿ ರೇಡಿಯೊ ಅಲೆಗಳನ್ನು ನುಂಗುವ ಕಂಬಳಿಯಂತೆ ಆಗಿರಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ನೋಡುವ ಯೋಗ ಬಂದಿರಲಿಲ್ಲ.

ಅಷ್ಟರಲ್ಲಿ ಉಪಗ್ರಹ ದಾಟಿಹೋಗಿತ್ತು. ಆಜ್ಞೆಯ ಪ್ರಕಾರ ಈಗ ಸೆಟ್ಟು ಆರಿಸಬೇಕು.

ಆಪರೇಟರು ಸ್ವಿಚ್ಚಿನ ಕಡೆ ಕೈ ಚಾಚಿ ನನ್ನ ಮುಖ ನೋಡಿದರು. ನಾನು ಬೇಡ ಎಂದು ತಲೆ ಆಡಿಸಿದೆ.

“ನಾಳೆ?” ಎಂದರು.

“ನಾಳೆಯ ಅಳತೆ ಬೇರೆ ಕೇಂದ್ರದವರೂ ತೆಗೀತಾರೆ. ಇದು ಈಗ ನಡೀತಿದೆ. ಇಳಿದದ್ದು ಸಿಕ್ಕಿದೆ, ಮತ್ತೆ ಏರೋದು ಸಿಗದಿದ್ರೆ ಅರ್ಧ ಅಳತೆ.”

“ಡಾಕ್ಟ್ರು ಬೈದ್ರೆ?”

“ಬೈಸಿಕೊಳ್ತೀನಿ.”

ಹೇಳಿದ್ದು ಧೈರ್ಯವಾಗಿ, ಒಳಗೆ ಅಷ್ಟು ಧೈರ್ಯ ಇರಲಿಲ್ಲ. ಉಪಗ್ರಹದ ಕಣ್ಣುಗಳು ಮೇಲೆ ಈ ಸ್ಫೋಟವನ್ನು ಅಳೆದಿರುತ್ತವೆ, ಅದಕ್ಕೆ ಜೊತೆಯಾಗಿ ಕೆಳಗಿನ ಪೂರ್ತಿ ಗೆರೆ ಇದ್ದರೆ ಎಷ್ಟು ಬೆಲೆ ಎಂದು ಒಂದು ಮನಸ್ಸು. ಇದು ಸೂರ್ಯನದ್ದೇ ಎಂದು ನಿನಗೆ ಹೇಳಿದವರಾರು, ಒಂದು ಅನುಮಾನಕ್ಕಾಗಿ ಎಲ್ಲರೂ ಕಾಯುತ್ತಿರುವ ಹಾದಿಯನ್ನು ಕಳೆಯುತ್ತಿದ್ದೀಯ ಎಂದು ಇನ್ನೊಂದು.

ಅಷ್ಟರಲ್ಲಿ ಇನ್ನೊಂದು ತೊಂದರೆ ನೆನಪಾಯಿತು. ಪಂಚೆ ಇನ್ನೂ ಮೇಲೆಯೇ ಇತ್ತು. ಆದರೆ ಎಂದಿನ ಹೊತ್ತು ಮೀರಿತ್ತು. ಗಾಣ ಯಾವ ಕ್ಷಣದಲ್ಲಾದರೂ ಶುರುವಾಗಬಹುದು. ಇಷ್ಟು ತಗ್ಗಿದ ಗೆರೆಯ ಮೇಲೆ ಆ ಕಿಡಿ ಬಿದ್ದರೆ ಎಲ್ಲ ಕಲಸಿಹೋಗುತ್ತದೆ. ನಾನು ಏರಿ ದಾಟಿ ಓಡಿದೆ.

ಯಜಮಾನರ ಹೆಂಡತಿ ಕೊಪ್ಪರಿಗೆಯ ಮುಂದೆ ಇದ್ದರು. ಆಳು ಎಂಜಿನ್ನಿನ ಹಿಡಿಗೆ ಕೈ ಹಾಕಿದ್ದ. ನನ್ನನ್ನು ನೋಡಿದ ಕೂಡಲೇ ಆ ತಾಯಿಯ ಮುಖ ಕಪ್ಪಿಟ್ಟಿತು. ಮಗಳ ಸುದ್ದಿ ತಂದೆನೆಂದು ತಿಳಿದರೇನೋ.

“ಏನೂ ಆಗಿಲ್ಲಮ್ಮ, ಜೀಪ್ ಇನ್ನೂ ಬಂದಿಲ್ಲ” ಎಂದೆ ಮೊದಲಿಗೆ. ಆಮೇಲೆ ಏದುಸಿರು ಬಿಡುತ್ತ ಕೇಳಿದೆ, “ಗಾಣ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಬೇಕಿತ್ತು. ಎಷ್ಟು ಹೊತ್ತು ಅಂತ ನನಗೂ ಗೊತ್ತಿಲ್ಲ.”

ಅವರು ಸೌಟು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೊಗೆಗೋ, ಬೇರೆಯದಕ್ಕೋ.

“ನಮ್ಮ ಮಗಳಿಗೆ ಅಂತ ನಿಮ್ಮ ಡಾಕ್ಟ್ರು ಕೆಲಸ ಬಿಟ್ಟು ಹೋಗ್ಯಾರಪ್ಪ. ನಾನು ಗಾಣ ನಿಲ್ಲಸಾಕ ಹೊತ್ತು ಕೇಳ್ಲೇನು?” ಆಮೇಲೆ ಆಳಿಗೆ, “ಏ, ಇಳಿ ಕೆಳಗ. ಇವರು ಬಂದು ಹೇಳೋತನಕ ಮುಟ್ಟಬ್ಯಾಡ.”

ತೊಟ್ಟಿಯ ಹಾಲು ಮುಗಿದರೆ ಕೊಪ್ಪರಿಗೆ ಸೀದುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಒಲೆಯಿಂದ ಉರಿಯನ್ನು ಹಿಂದಕ್ಕೆ ಎಳೆಸಿದರು.

ಗುಡಾರಕ್ಕೆ ಮರಳಿದಾಗ ಆಪರೇಟರು ಕಾಗದದ ಮೇಲೆ ಬಗ್ಗಿದ್ದರು. ಲೇಖನಿ ತಳದಲ್ಲಿ ತೆವಳುತ್ತಿತ್ತು. ಬಹಳ ಹೊತ್ತು ಹಾಗೆಯೇ ಇತ್ತು. ಆಮೇಲೆ ಒಂದು ಕೂದಲೆಳೆಯಷ್ಟು ಮೇಲೆ ಬಂತು. ನನ್ನ ಭ್ರಮೆಯಿರಬೇಕು ಎಂದುಕೊಂಡೆ. ಇನ್ನೂ ಒಂದು ಎಳೆ ಬಂತು. ಇಳಿದಾಗ ಬಿದ್ದಂತೆ ಇಳಿದಿತ್ತು. ಏರುವಾಗ ಜ್ವರದಿಂದ ಎದ್ದವನು ಗೋಡೆ ಹಿಡಿದು ನಡೆಯುವಂತೆ ಏರಿತು. ಸ್ವಲ್ಪ ಹೊತ್ತಿನ ಮೇಲೆ ಮೂಲೆಯ ಸೆಟ್ಟಿನಲ್ಲಿ ಟಿಕ್ ಎಂದಿತು. ಮತ್ತೊಂದು. ಆಪರೇಟರು ‘ಯಾ ಅಲ್ಲಾ’ ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಸುಯ್ ಸದ್ದು ಎಂದಿನ ಮಟ್ಟಕ್ಕೆ ಬಂದು ನಿಂತ ಮೇಲೆ ಪಂಚೆ ಇಳಿಸಿ, ಆಲೆಮನೆಗೂ ಹೋಗಿ ಹೇಳಿ ಬಂದೆ. ವೋಲ್ಟ್ ಮೀಟರಿನ ಮುಳ್ಳು ಆ ಹೊತ್ತಿಗೆ ನಾವು ನೋಡಬಾರದ ಕಡೆಗೆ ವಾಲಿತ್ತು.

ಸಂಜೆಗೆ ಜೀಪು ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಬ್ಯಾಟರಿಗಳನ್ನು ಬಿಸಿಲಿಗಿಟ್ಟು, ಆರಿಸಿಟ್ಟು, ಏನೇನೋ ಉಪಚಾರ ಮಾಡಿದೆವು. ಮಧ್ಯಾಹ್ನ ಆ ಮುಖ್ಯ ಹಾದಿಯ ಹೊತ್ತಿಗೆ ಸ್ವಿಚ್ ಹಾಕಿದರೆ ವಾಲ್ವುಗಳು ಮಂಕಾಗಿ ಕೆಂಪಗಾದವು, ಲೇಖನಿ ಒಮ್ಮೆ ಅಲುಗಿ ಬಿದ್ದುಕೊಂಡಿತು. ಉಪಗ್ರಹ ನಮ್ಮ ನೆತ್ತಿಯ ಮೇಲೆ ಹೋಗುತ್ತಿದೆ ಎಂದು ಗೊತ್ತಿದ್ದೂ, ಸತ್ತ ಸೆಟ್ಟಿನ ಮುಂದೆ ಕೈಕಟ್ಟಿ ಕೂತಿದ್ದೆ. ಅಂಥ ಹೊತ್ತು ನನಗೆ ಕೆಲಸದಲ್ಲಿ ಮತ್ತೆ ಬಂದಿಲ್ಲ. ಕೆಲಸ ಕೆಟ್ಟ ದುಃಖಕ್ಕಿಂತ ಹೆಚ್ಚಾಗಿ, ಡಾಕ್ಟರು ಯಾಕೆ ಬರಲಿಲ್ಲ ಎಂಬ ಭಯ. ಯಜಮಾನರ ಹೆಂಡತಿ ಅಂದು ಕೊಪ್ಪರಿಗೆಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಆಪರೇಟರು ಅವರಿಗೆ ಚಹಾ ಒಯ್ದು ಕೊಟ್ಟರು. ಅದು ಹಾಗೆಯೇ ಆರಿತು.

ಬಿಸಿಲು ಇಳಿಮುಖವಾದಾಗ ಜೀಪಿನ ಸದ್ದು ಕೇಳಿಸಿತು. ಡಾಕ್ಟರೇ ಓಡಿಸುತ್ತಿದ್ದರು. ಎರಡು ದಿನದ ಗಡ್ಡ, ಕೆಂಪು ಕಣ್ಣು, ಆದರೆ ಕೂತ ಭಂಗಿ ನೆಟ್ಟಗಿತ್ತು. ಪಕ್ಕದಲ್ಲಿದ್ದ ಯಜಮಾನರು ಜೀಪು ನಿಲ್ಲುವ ಮೊದಲೇ ಕೂಗಿದರು:

“ಮಲೇರಿಯಾ ಅಂತ! ಬರೇ ಮಲೇರಿಯಾ!”

ತಾಯಿಗೆ ಅರ್ಥವಾಗಲಿಲ್ಲ. ಡಾಕ್ಟರು ಇಳಿದು ಬಂದು ಹೇಳಿದರು: ಹುಡುಗಿಯನ್ನು ಸೊರಬದ ಆಸ್ಪತ್ರೆಗೆ ಸೇರಿಸಿದ್ದಾರೆ, ಅಲ್ಲಿನ ವೈದ್ಯರು ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ, ಅದು ಚಳಿಜ್ವರದ ಕ್ರಿಮಿ, ಅದಕ್ಕೆ ಮಾತ್ರೆ ಇದೆ, ಕೊಟ್ಟಿದ್ದಾರೆ, ಇವತ್ತು ಮಧ್ಯಾಹ್ನದ ಹೊತ್ತಿಗೆ ಬೆವರಿ ಜ್ವರ ಇಳಿಯಿತು, ಅದನ್ನು ಕಣ್ಣಾರೆ ನೋಡದೆ ಬರಲು ಮನಸ್ಸಾಗದೆ ಉಳಿದುಬಿಟ್ಟೆವು. ಆ ತಾಯಿ ರಸ್ತೆಯಲ್ಲೇ ಕುಸಿದು ಕೂತು, “ಮಲೇರಿಯಾ ಅಂತಲ್ಲೇ, ನಮ್ಮವ್ವ, ಮಲೇರಿಯಾ!” ಎಂದು ಅಳುತ್ತ ನಗತೊಡಗಿದರು. ಕಾಯಿಲೆಯೊಂದರ ಹೆಸರನ್ನು ಯಾರಾದರೂ ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಾನು ನನ್ನ ಸುದ್ದಿ ಹೇಳಬೇಕಿತ್ತು. “ಸರ್, ಇವತ್ತಿನ ಹಾದಿ ತಪ್ಪಿತು. ನಾನೇ ತಪ್ಪಿಸಿದೆ” ಎಂದು ಕಾಗದದ ಸುರುಳಿ ಬಿಚ್ಚಿ ಅವರ ಮುಂದೆ ಹಿಡಿದೆ. ಅವರು ಜೀಪಿನ ಬಾನೆಟ್ಟಿನ ಮೇಲೆ ಅದನ್ನು ಹರಡಿದರು. ಗೆರೆ ಇಳಿದ ಕಡೆ ಬೆರಳಿಟ್ಟರು, ಏರಿದ ಉದ್ದಕ್ಕೂ ಬೆರಳು ಸರಿಸಿದರು. ಮಧ್ಯದಲ್ಲಿ ನಾವು ಆಂಟೆನಾ ಕಳಚಿ ಅಳತೆಯ ಸದ್ದು ಕೊಟ್ಟ ಜಾಗದಲ್ಲಿ ಬೆರಳು ನಿಂತಿತು.

“ಇದನ್ನ ಮಾಡು ಅಂತ ಹೇಳಿದ್ಯಾರು?”

“ನಾವಿಬ್ಬರೇ ಸರ್.”

“ಇದಿಲ್ಲದಿದ್ರೆ ಸೆಟ್ ಕೆಟ್ಟಿತ್ತು ಅಂತ ನಾನೇ ಅಂತಿದ್ದೆ.” ಅಷ್ಟೇ ಹೇಳಿದರು. ಬಯ್ಯಲಿಲ್ಲ. ಆಮೇಲೆ, “ಸೂರ್ಯನದ್ದೇ ಅಂತ ಬೇರೆಯವರು ಹೇಳೋ ತನಕ ಹಿಗ್ಗಬೇಡ” ಎಂದೂ ಸೇರಿಸಿದರು.

ಮರುದಿನ ಶಿಕಾರಿಪುರಕ್ಕೆ ಹೋಗಿ ತಂತಿ ಕಳಿಸಿದೆವು. ಉತ್ತರ ಬರುವವರೆಗೆ ನನಗೆ ಊಟ ಸೇರಲಿಲ್ಲ. ಬಂದ ಉತ್ತರ ಚಿಕ್ಕದು: ದೂರದರ್ಶಕದಲ್ಲಿ ಸೂರ್ಯನನ್ನು ನೋಡುತ್ತಿದ್ದ ವೀಕ್ಷಣಾಲಯವೊಂದು ಅದೇ ಹೊತ್ತಿಗೆ ಒಂದು ಸೂರ್ಯಕಲೆಯ ಪಕ್ಕದಲ್ಲಿ ಭಾರಿ ಜ್ವಾಲೆ ಕಂಡಿದೆ, ಮರುದಿನ ಮಧ್ಯಾಹ್ನದ ಹಾದಿ ಬೇರೆ ಕೇಂದ್ರಗಳಲ್ಲಿ ದಾಖಲಾಗಿದೆ, ನಿಮ್ಮ ಸುರುಳಿ ಕಳಿಸಿ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಅದನ್ನು ಮತ್ತೆ ಮತ್ತೆ ಓದಿದೆ. ಆಪರೇಟರು ಪೇಟೆಗೆ ಹೋಗಿ ಮಿಠಾಯಿ ತಂದರು.

ಉಪಗ್ರಹ ಆ ಸ್ಫೋಟವನ್ನು ಅಳೆದಿರುತ್ತದೆ ಎಂದು ನಾನು ನಂಬಿದ್ದೆನಲ್ಲ, ಅದು ಮಾತ್ರ ಸುಳ್ಳಾಯಿತು. ಭೂಮಿಯ ಸುತ್ತ ಸಿಕ್ಕಿಬಿದ್ದು ಸುತ್ತುವ ಕಣಗಳ ಹೊಡೆತಕ್ಕೆ ಅದರ ಸೂರ್ಯನ ಕಣ್ಣುಗಳು ಕುರುಡಾಗಿದ್ದವಂತೆ. ಸೂರ್ಯ ಯಾವುದು, ಆ ಕಣ ಯಾವುದು ಎಂದು ಬೇರೆ ಮಾಡಲು ಆಗಲಿಲ್ಲ. 1960ರಲ್ಲಿ ಹಾರಿದ ಇನ್ನೊಂದು ಉಪಗ್ರಹದಲ್ಲಿ ಕಣ್ಣುಗಳ ಮುಂದೆ ಅಯಸ್ಕಾಂತ ಇಟ್ಟು ಆ ಕಣಗಳನ್ನು ಪಕ್ಕಕ್ಕೆ ತಳ್ಳಿದರು. ಆಗ ಸೂರ್ಯನ ಕ್ಷ-ಕಿರಣ ಸರಿಯಾಗಿ ಸಿಕ್ಕಿತು. ಅಷ್ಟರವರೆಗೆ ನಮ್ಮಂಥ ಕೆಳಗಿನವರ ಗೆರೆಗಳೇ ಆಸರೆ. ನಮ್ಮದು ಅಂಥ ಹಲವು ಗೆರೆಗಳಲ್ಲಿ ಒಂದು. ಅದಕ್ಕಿಂತ ಹೆಚ್ಚಿಗೆ ಹೇಳಿದರೆ ಉತ್ಪ್ರೇಕ್ಷೆ.

ಸುರುಳಿಯನ್ನು ಕಳಿಸಿದ ಮೇಲೆ ಡಾಕ್ಟರು, “ಸೊರಬಕ್ಕೆ ಹೋಗಿ ಬರೋಣ” ಎಂದರು. ಯಜಮಾನರ ಹೆಂಡತಿ ಬುಟ್ಟಿ ಕಟ್ಟಿಕೊಂಡು ಜೀಪಿನ ಹಿಂದೆ ಕೂತರು. ಆಸ್ಪತ್ರೆಯ ಜಗಲಿಯಲ್ಲಿ ಆ ಹುಡುಗಿ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಬಿಳಿಚಿತ್ತು, ದನಿ ಮಾತ್ರ ಜೋರಾಗಿತ್ತು. ಎಮ್ಮೆಗೆ ನೀರು ಕುಡಿಸಿದ್ದೀರಾ ಎಂದು ಗಂಡನ ವಿಚಾರಣೆ ನಡೆಸುತ್ತಿದ್ದಳು. ತಾಯಿ ಬುಟ್ಟಿ ಬಿಚ್ಚುವ ಮೊದಲೇ ಕೈ ಚಾಚಿದಳು.

“ಗಂಜಿ ಕುಡ್ದು ಕುಡ್ದು ಸಾಕಾತು ಮಾರಾಯ್ತಿ. ರೊಟ್ಟಿ ತಂದೀಯಾ?”

ಡಾಕ್ಟರು ಅವಳಿಗೆ ನನ್ನನ್ನು ತೋರಿಸಿ, “ನಿನಗೆ ಜ್ವರ ಏರಿದ್ದ ದಿನ ಅಲ್ಲಿ ಸೂರ್ಯನೂ ಕೆರಳಿದ್ದನಮ್ಮ. ಇವನು ಪಕ್ಕದಲ್ಲಿ ಕೂತು ನೋಡಿಕೊಂಡ” ಎಂದರು.

ಅವಳು ರೊಟ್ಟಿ ಮುರಿಯುತ್ತ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. “ಅವನಿಗೆ ಮಾತ್ರೆ ಕೊಟ್ಟವರ್ಯಾರು?”

“ಯಾರೂ ಇಲ್ಲ. ತಾನಾಗೇ ಇಳೀತು.”

“ಪುಣ್ಯವಂತ ಬಿಡಿ. ನಂದು ಭಾರಿ ಕಹಿ ಮಾತ್ರೆ.”

ಜಗಲಿಯ ಮೇಲಿದ್ದ ಬೇರೆ ರೋಗಿಗಳೂ ನಕ್ಕರು. ತಾಯಿ ಎಲ್ಲರಿಗೂ ಒಂದೊಂದು ರೊಟ್ಟಿ ಕೊಟ್ಟರು, ಮೇಲೆ ಬೆಲ್ಲದ ಚೂರು. ಡಾಕ್ಟರು ಚಪ್ಪಲಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎರಡನೆಯದನ್ನು ಕೇಳಿ ಹಾಕಿಸಿಕೊಂಡರು. ನನಗೂ ಅಂದು ತುಂಬ ಹಸಿವಾಗಿತ್ತು.